ಹೆಸರು ಕೇಳದೆ ಎತ್ತಿದ ಪರಕೆ

ಅವತ್ತು ಬೆಳಿಗ್ಗೆ ಅನುಸೂಯ ಫೋನ್ ಆಫ್ ಮಾಡಿ ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ರಗಳೆ ಶುರುವಾದದ್ದು ಅಲ್ಲಿಂದಲೇ.

ಫೋನ್ ಆಫ್ ಆದರೆ ಜನ ತನ್ನ ಪಾಡಿಗೆ ತನ್ನನ್ನು ಬಿಡುತ್ತಾರೆಂದು ಅವಳು ತಿಳಿದಿದ್ದಳು. ಶ್ರೀರಾಂಪುರದ ಕಡೆ ಹಾಗಾಗುವುದಿಲ್ಲ. ಫೋನ್ ಸಿಗದಿದ್ದರೆ ಏನೋ ಆಗಿದೆ ಎಂದುಕೊಂಡು ಮನೆಗೇ ಬರುತ್ತಾರೆ.

ಅನುಸೂಯ ಬೆಳಿಗ್ಗೆ, ಸಂಜೆ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ನಡುವಿನ ಹೊತ್ತಿನಲ್ಲಿ ದೆವ್ವ ಬಿಡಿಸುತ್ತಿದ್ದಳು. ಬಿ.ಕಾಂ. ಓದಿದ ಹೆಣ್ಣುಮಗಳು ಹೇಳಿಕೊಳ್ಳುವ ಕಸುಬಲ್ಲ ಅದು. ಆದರೆ ತಾಳ್ಯದ ಅಜ್ಜಿ ಕಾಳಕ್ಕ ಸಾಯುವಾಗ ತನ್ನ ಕರಿಕಂಬಳಿಯನ್ನೂ ತೆಂಗಿನಗರಿಯ ಕಡ್ಡಿ ಪರಕೆಯನ್ನೂ ಇವಳ ಮಡಿಲಿಗೇ ಹಾಕಿ ಕಣ್ಣು ಮುಚ್ಚಿದ್ದಳು. ಹಾಲಿಗೆ ಸೇರಿದ ನೀರನ್ನೂ ಮೈಗೆ ಸೇರಿದ ದೆವ್ವವನ್ನೂ ಅನುಸೂಯ ಒಂದೇ ನೋಟದಲ್ಲಿ ಕಂಡುಹಿಡಿಯುತ್ತಾಳೆ ಎಂದು ಊರಲ್ಲಿ ಮಾತಿತ್ತು. ನೀರಿನ ವಿಷಯದಲ್ಲಿ ಜನ ಅವಳನ್ನು ಬೈಯುತ್ತಿದ್ದರು. ದೆವ್ವದ ವಿಷಯದಲ್ಲಿ ಕೈ ಮುಗಿಯುತ್ತಿದ್ದರು.

ಅಜ್ಜಿಯ ಕಟ್ಟಳೆ ಸರಳವಾಗಿತ್ತು. ದೆವ್ವ ಬಂದವರನ್ನು ಕಂಬಳಿಯ ಮುಂದೆ ಕೂರಿಸಿ ಮೊದಲು ಕೇಳಬೇಕು: ಯಾರು ನೀನು? ಆಮೇಲೆ ಕೇಳಬೇಕು: ಏನು ಬೇಕು? ಕೇಳಿದ್ದನ್ನು ಉಣ್ಣಿಸಿ, ನಾಲ್ಕು ಒಳ್ಳೆ ಮಾತಾಡಿ ಕಳಿಸಿಕೊಡಬೇಕು. ಹಾಗೆ ಹೋದವರು ಹಬ್ಬಕ್ಕೆ ಬರುವ ನೆಂಟರ ಹಾಗೆ ಎಂದಾದರೊಮ್ಮೆ ಇತ್ತ ಬಂದು ಹೋಗಬಹುದು, ತೊಂದರೆಯಿಲ್ಲ. ಏನು ಮಾಡಿದರೂ ಜಗ್ಗದವರಿಗೆ ಮಾತ್ರ ಪರಕೆ. ಪರಕೆಯಿಂದ ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

"ಹೆಸ್ರು ಕೇಳ್ದೆ ಪರಕೆ ಎತ್ತಬ್ಯಾಡ ಕಣೇ," ಅಂದಿದ್ದಳು ಕಾಳಕ್ಕ. "ಯಾರ ಮನೇರೋ ಏನೋ."

ಕೇಳುವ ದಾರಿಯಲ್ಲಿ ಒಂದೇ ಕಷ್ಟ, ಹೊತ್ತು ಹಿಡಿಯುತ್ತದೆ. ದೆವ್ವಗಳಿಗೆ ಮಾತು ಜಾಸ್ತಿ. ಬದುಕಿದ್ದಾಗ ಯಾರೂ ಕೇಳಿಸಿಕೊಳ್ಳದೆ ಹೋದದ್ದನ್ನೆಲ್ಲ ಕೂತು ಹೇಳುತ್ತವೆ. ಅನುಸೂಯ ಕೇಳುತ್ತಿದ್ದಳು. ಎಷ್ಟೋ ಮಧ್ಯಾಹ್ನಗಳು ಹಾಗೆ ಯಾರದೋ ಮನೆಯ ಪಡಸಾಲೆಯಲ್ಲಿ ಹೋದವು.

ಆ ಮಧ್ಯಾಹ್ನಗಳಲ್ಲಿ ಅವಳ ಗಂಡ ಕನಕರಾಜ್ ಮನೆಯಲ್ಲಿ ಉಣ್ಣದೆ ಕಾಯುತ್ತಿದ್ದ. ಬಸ್ ನಿಲ್ದಾಣದ ಪಕ್ಕ ಅವನದು ಬೋರ್‌ವೆಲ್ ಮೋಟರ್‌ಗಳಿಗೆ ಕಾಯಿಲ್ ಕಟ್ಟುವ ಅಂಗಡಿ. ದಿನವಿಡೀ ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಬೆರಳುಗಳಿಗೆ ಅದೇ ಚಟವಾಗಿತ್ತು. ದಾರ, ನಾರು, ಬಸ್ ಟಿಕೆಟು ಏನು ಸಿಕ್ಕಿದರೂ ಸುತ್ತುತ್ತಾ ಕೂರುವನು. "ಒಂದಿನನಾದ್ರೂ ಜೊತಿಗೆ ಉಣ್ಣಾಣ ಕಣೇ," ಅನ್ನುತ್ತಿದ್ದ. "ಈ ಅಮಾಸೆ ಒಂದು ಕಳೀಲಿ ಇರ್ರಿ," ಅನ್ನುತ್ತಿದ್ದಳು. ಅಮಾವಾಸ್ಯೆ ತಿಂಗಳು ತಿಂಗಳೂ ಬರುತ್ತದೆ.

ಅವಳು ಹೊಳಲ್ಕೆರೆ ಕಡೆಯ ಒಂದು ಮನೆಯಲ್ಲಿ, ಯಾರದೋ ಸೋದರತ್ತೆಯ ದೆವ್ವಕ್ಕೆ ಹೋಳಿಗೆ ಉಣ್ಣಿಸುತ್ತಾ ಕೂತಿದ್ದ ಒಂದು ಮಧ್ಯಾಹ್ನ ಕನಕರಾಜನ ಎದೆ ನಿಂತುಹೋಯಿತು. ಆಗಲೂ ಅವನು ಉಂಡಿರಲಿಲ್ಲ.

ಇವತ್ತಿಗೆ ಒಂದು ವರ್ಷ. ಈ ವರ್ಷದಲ್ಲಿ ಅವಳ ಕಂಬಳಿಯ ಮುಂದೆ ಯಾರ್ಯಾರೋ ಸತ್ತವರು ಬಂದು ಕೂತರು. ಒಬ್ಬ ತನ್ನ ಎತ್ತಿನ ಗಂಟೆ ಕೇಳಿದ, ಒಬ್ಬಾಕೆ ಬೈತಲೆ ಬೊಟ್ಟು ಕೇಳಿದಳು. ಕನಕರಾಜ್ ಒಂದು ಸಲವೂ ಬರಲಿಲ್ಲ. ಮನೆಯ ಮೇಲೆ ಸಿಟ್ಟು ಇದ್ದವರು ಬರುತ್ತಾರೆ, ಆಸೆ ಇದ್ದವರು ಬರುತ್ತಾರೆ. ಅವನಿಗೆ ತನ್ನ ಮೇಲೆ ಎರಡೂ ಉಳಿದಿರಲಿಲ್ಲವೇನೋ ಎಂದು ಅವಳು ಯೋಚಿಸುತ್ತಿದ್ದಳು.

ವರ್ಷದ ಎಡೆಗೆ ಮಾತ್ರ ಸತ್ತವರು ಬಂದೇ ಬರುತ್ತಾರೆ ಎಂದು ಕಾಳಕ್ಕ ಹೇಳಿದ್ದಳು. ತಾರಸಿಯ ಮೇಲೆ ಎಡೆ ಇಡಬೇಕು, ಕಾಗೆ ಮುಟ್ಟಬೇಕು. ಮುಟ್ಟಿದರೆ ಬಂದ ಹಾಗೆ. ಆಮೇಲೆ ಮನೆಯವರು ಉಣ್ಣಬೇಕು. ಅನುಸೂಯ ಲೆಕ್ಕ ಹಾಕಿದ್ದಳು: ಬಾಗಿಲು ಹಾಕಿಕೊಂಡು, ಕಾಗೆ ಮುಟ್ಟಿದ ಎಡೆಯ ಪಕ್ಕ ತಾನೂ ತಟ್ಟೆ ಇಟ್ಟುಕೊಂಡು ಕೂತು ಉಂಡರೆ, ಅದು ಜೊತೆಗೆ ಉಂಡ ಹಾಗೆಯೇ.

ಬೆಳಗಿನ ಹಾಲು ಅಳೆದು ಬಂದು, ಸಂಜೆಯದಕ್ಕೆ ಬೇರೆಯವರನ್ನು ಒಪ್ಪಿಸಿ, ನಾಟಿಕೋಳಿ ಸಾರಿಗೆ ಇಟ್ಟಳು. ಹುಚ್ಚೆಳ್ಳು ಹುರಿದು ಚಟ್ನಿಗೆ ಕುಟ್ಟತೊಡಗಿದಳು.

ಕಾಂಪೌಂಡ್ ಗೋಡೆಯ ಮೇಲೆ ಮೊದಲು ಒಂದು ಮೂಗು ಕಂಡಿತು. ಪಕ್ಕದ ಮನೆಯ ಪರಮೇಶನದು. ಆ ಮೂಗನ್ನು ಹಿಂದಕ್ಕೆ ತಳ್ಳಿ ಅವನ ಹೆಂಡತಿ ಶಾಂತಕ್ಕನ ಮುಖ ಬಂತು.

"ಅನ್ಸೂಯಾ, ಸಾರಿಗೆ ಧನಿಯಾ ಜಾಸ್ತಿ ಬಿದ್ದೈತೆ ಕಣೇ. ವಾಸ್ನೆ ನಮ್ಮನೆ ಒಳಗ್ ಬಂತು."

"ಇರ್ಲಿ ಬಿಡಕ್ಕ. ಅವ್ರಿಗೆ ಹಂಗೇ ಆಗ್ತಿತ್ತು."

"ನಮ್ಮನೇರಿಗೆ ಆಗಲ್ಲಲ್ಲ! ವಾಸ್ನೆ ಕುಡಿದೇ ಶುಗರ್ ಏರ್ತೈತೆ ಈ ಮನುಷ್ಯನಿಗೆ."

ಪರಮೇಶನಿಗೆ ಸಕ್ಕರೆ ಕಾಯಿಲೆ ಬಂದಂದಿನಿಂದ ಶಾಂತಕ್ಕ ಅವನಿಗೆ ಸಣ್ಣ ಮುದ್ದೆ, ಬಸ್ಸಾರು ಬಿಟ್ಟು ಬೇರೇನೂ ತೋರಿಸಿರಲಿಲ್ಲ. ಮನುಷ್ಯ ಸೊರಗಿ, ಲುಂಗಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮೊದಲೇ ಅವನಿಗೆ ಗಂಟು ಹಾಕಲು ಬಾರದು. ಎಮ್ಮೆ ಕಟ್ಟಿದರೆ ಎಮ್ಮೆ ಬಿಚ್ಚಿಕೊಳ್ಳುತ್ತಿತ್ತು, ಲುಂಗಿ ಕಟ್ಟಿದರೆ ಲುಂಗಿ. ಶಾಂತಕ್ಕ ಲುಂಗಿಯ ಮೇಲೆ ಬೆಲ್ಟ್ ಬಿಗಿದು ಬಿಟ್ಟಿದ್ದಳು.

ಹೋದ ಮಹಾಲಯ ಅಮಾವಾಸ್ಯೆಯ ದಿನ ಅದೇ ಪರಮೇಶ ಬೀದಿ ಕೊನೆಯ ಮನೆಯಲ್ಲಿ ಎಡೆ ಇಡುವ ಹೊತ್ತಿಗೆ ಸರಿಯಾಗಿ ಹೂಂಕರಿಸಿ, ಕಣ್ಣು ಮೇಲೆ ಮಾಡಿ, ದೆವ್ವ ಬಂದವನ ಹಾಗೆ ಬಿದ್ದಿದ್ದ. "ಕೋಳಿ ತೊಡೆ ತನ್ರೀ" ಎಂದು ಅಬ್ಬರಿಸಿದ್ದ. ಮನೆಯವರು ಹೆದರಿ ತಟ್ಟೆಗೆ ಬಡಿಸುತ್ತಲೇ ಇದ್ದರು. ಅನುಸೂಯ ಬಂದು ಕಂಬಳಿ ಹಾಸಿ "ಯಾರು ನೀನು?" ಎಂದು ಕೇಳಿದಾಗ, ಬಾಯಿ ತುಂಬ ತುಂಬಿಕೊಂಡಿದ್ದ ದೆವ್ವ ಮರೆತು "ಪರಮೇಶ" ಅಂದುಬಿಟ್ಟಿತ್ತು. ಊರು ಇನ್ನೂ ನಗುವುದನ್ನು ನಿಲ್ಲಿಸಿರಲಿಲ್ಲ.

ಸಾರು ಕುದಿ ಬರುವಾಗ ಗೇಟಿನ ಮುಂದೆ ಬೈಕ್ ನಿಂತಿತು. ತಾಳ್ಯದ ರಂಗೇಶ್. ಧೂಳು ಮೆತ್ತಿದ ಮುಖದಲ್ಲಿ ಕಣ್ಣೀರು ಕಾಲುವೆ ತೋಡಿತ್ತು.

"ಅಕ್ಕಾ, ಫೋನ್ ಯಾಕ್ ಎತ್ತಂಗಿಲ್ಲ? ಬೆಳಿಗ್ಗಿಂದ ಅಂಜಲಿ ಮೈಮ್ಯಾಲೆ ಗಾಳಿ ಬಂದೈತೆ. ದೇವ್ರ ಮನ್ಯಾಗೆ ಚಿಲ್ಕ ಹಾಕ್ಕಂಡು ಕುಂತವ್ಳೆ. ಹತ್ತಕ್ಕಾ ಬೈಕು, ಹೋಗಾಣ!"

"ಇವತ್ತಿಲ್ಲ ರಂಗೇಶ. ಇವತ್ತೊಂದಿನ ನನ್ ಬಿಟ್ಬಿಡು. ನಮ್ಮನೇರ ಎಡೆ ಐತೆ."

"ಭಾವ ಏನಂದ್ಕಂತಾರಕ್ಕ, ಒಳ್ಳೆ ಮನುಷ್ಯ. ನಾನಿನ್ನೂ ಮದ್ವೆಯಾಗಿ ಮೂರ್ ತಿಂಗ್ಳು!" ಎಂದು ರಂಗೇಶ್ ಜಗಲಿಯ ಮೇಲೆ ಕೂತು ಗೊಳೋ ಅಂದ.

ಒಳ್ಳೆ ಮನುಷ್ಯ ಎಂದೇ ಎಲ್ಲರೂ ಅವಳನ್ನು ಅವನಿಂದ ಕರೆದುಕೊಂಡು ಹೋಗುತ್ತಿದ್ದದ್ದು. ಅನುಸೂಯ ಹಲ್ಲು ಕಚ್ಚಿಕೊಂಡು, "ನಿನ್ ಫೋನ್ ಕೊಡಿಲ್ಲಿ, ವಿಡಿಯೋ ಹಚ್ಚು," ಅಂದಳು. ಸೌದೆ ಒಲೆಯ ಉರಿ ತಗ್ಗಿಸದೆ ಹಾಗೇ ಜಗಲಿಯಲ್ಲಿ ಕಂಬಳಿ ಹಾಸಿ ಕೂತಳು. ತಾಳ್ಯದಲ್ಲಿ ಯಾರೋ ದೇವರ ಮನೆಯ ಕಿಟಕಿಯಿಂದ ಫೋನ್ ಹಿಡಿದರು. ಕೆದರಿದ ಕೂದಲಿನ ಅಂಜಲಿ ಕಂಡಳು.

"ಯಾರು ನೀನು?"

"ಈ ರಂಗೇಶನ ಅಜ್ಜಿ," ಅಂದಿತು ಒಳಗಿನಿಂದ ಮುದಿ ದನಿ. "ಫೋನ್ ಸರ್ಯಾಗ್ ಹಿಡ್ಕಳೇ. ಬರೀ ನಿನ್ ಮೂಗ್ ಕಾಣ್ತೈತೆ."

ಅನುಸೂಯ ಫೋನ್ ಸರಿಯಾಗಿ ಹಿಡಿದಳು. "ಏನು ಬೇಕಮ್ಮ ನಿನಗೆ?"

"ನನ್ ಪೋಟಕ್ಕೆ ಅದೇನೋ ಮಿಣಿಮಿಣಿ ಬಲ್ಪಿನ ಸರ ಹಾಕವ್ರೆ. ಕೆಂಪು, ಹಸಿರು, ಕೆಂಪು, ಹಸಿರು! ಕಣ್ಣು ಮುಚ್ಚಂಗಿಲ್ಲ ಬಿಡಂಗಿಲ್ಲ. ಸತ್ತ ಮ್ಯಾಲಾದ್ರೂ ಒಂದ್ ಗಳಿಗೆ ಮಲಗ್ತೀನಿ ಅಂದ್ರೆ ಬಿಡ್ವಲ್ರು."

"ತೆಗೆಸ್ತೀನಿ. ಹೋಗ್ತೀಯಾ?"

"ಹೋಗ್ತೀನಿ. ಅದ್ಕೂ ಮುಂಚೆ ಒಂದ್ ಮಾತು..." ಎಂದು ಅಜ್ಜಿ ತನ್ನ ಗಂಡ, ಗಂಡನ ತಮ್ಮ, ಅವರಿಬ್ಬರ ನಡುವಿನ ಹುಣಸೆಮರದ ಸಮಾಚಾರ ಶುರುಮಾಡಿದಳು. ಅನುಸೂಯ ಹೂಂ ಹೂಂ ಅನ್ನುತ್ತಾ ಕೇಳಿದಳು. ಅಜ್ಜಿ ಸಮಾಧಾನವಾಗಿ ಹೋದಳು, ಅಂಜಲಿ ಎದ್ದು ಕೂತಳು, ರಂಗೇಶ್ ಕಾಲಿಗೆ ಬಿದ್ದ. ಅಷ್ಟು ಹೊತ್ತಿಗೆ ಒಳಗಿನಿಂದ ಬೇರೆಯೇ ವಾಸನೆ ಬಂತು. ಓಡಿಹೋಗಿ ನೋಡಿದರೆ ಸಾರಿನ ತಳ ಹತ್ತಿತ್ತು.

ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡಳು. ಕನಕರಾಜ್ ಊಟದ ಬಗ್ಗೆ ಒಂದು ದಿನವೂ ಹೆಸರಿಟ್ಟವನಲ್ಲ. ಆರಿದ್ದನ್ನೂ ಹತ್ತಿದ್ದನ್ನೂ ಹಾಗೇ ಉಣ್ಣುತ್ತಿದ್ದ. ಅದು ನೆನಪಾಗಿ ಸಮಾಧಾನವೇನೂ ಆಗಲಿಲ್ಲ.

ತಾರಸಿಯ ಮೇಲೆ ಬಾಳೆ ಎಲೆಯಲ್ಲಿ ಮುದ್ದೆ, ಸಾರು, ಹುಚ್ಚೆಳ್ಳು ಚಟ್ನಿ ಇಟ್ಟು, ಕೆಳಗೆ ಬಂದು ಅಂಗಳದಲ್ಲಿ ನಿಂತು ಮೇಲೆ ನೋಡಿದಳು. ಆಕಾಶ ತೊಳೆದಿಟ್ಟ ಹಂಡೆಯ ಹಾಗೆ ಖಾಲಿಯಿತ್ತು. ಬೇರೆ ದಿನ ಡೇರಿಯ ಮುಂದೆ ಕ್ಯಾನ್ ತೆರೆಯಲು ಬಿಡದ ಕಾಗೆಗಳಲ್ಲಿ ಒಂದೂ ಇರಲಿಲ್ಲ.

"ಟವರ್ ಹಾಕಿದ್ ಮ್ಯಾಲೆ ಕಾಗೆ ಎಲ್ಲಿ ಬತ್ತವೆ," ಅಂದಳು ಶಾಂತಕ್ಕ, ಗೇಟು ತೆಗೆದುಕೊಂಡು ಒಳಗೇ ಬಂದು.

"ಟವರ್ ಅಲ್ಲಮ್ಮ, ಜನ ಗುಂಪುಗೂಡಿದ್ರೆ ಬರಲ್ಲ. ಹಿಂದಕ್ ಸರೀರಿ, ಹಿಂದಕ್ ಸರೀರಿ!" ಎಂದು ಶಾಂತಕ್ಕನ ಮಾವ ಹನುಮಂತಯ್ಯ ಬಂದರು. ರಿಟೈರ್ ಆದ ಬಸ್ ಕಂಡಕ್ಟರ್. ಅಂಗಳದಲ್ಲಿ ಆಗ ಇದ್ದದ್ದು ಅನುಸೂಯ, ಶಾಂತಕ್ಕ ಇಬ್ಬರೇ. ಆದರೂ ಅವರು ಇಬ್ಬರನ್ನೂ ಹಿಂದಕ್ಕೆ ಸರಿಸಿದರು. ದನಿ ಕೇಳಿ ಬೀದಿಯ ನಾಲ್ಕಾರು ಜನ ನಿಜವಾಗಿಯೂ ಬಂದು ಸೇರಿದರು.

"ಕಾಗೆ ಮುಟ್ಲಿಲ್ಲ ಅಂದ್ರೆ ಸತ್ತೋರಿಗೆ ಏನೋ ಕೊರಗೈತೆ ಅಂತ," ಎಂದು ಒಬ್ಬರು.

"ಇರ್ದೆ ಏನು? ಒಂದಿನ ಮನ್ಯಾಗ್ ಕುಂತು ಇಕ್ಕಿದ್ಲಾ?" ಎಂದು ಇನ್ನೊಬ್ಬರು, ಅನುಸೂಯಳಿಗೆ ಕೇಳದ ಹಾಗೆ, ಅಂದರೆ ಕೇಳುವ ಹಾಗೆ.

ಬಿಸಿಲು ತಾರಸಿಯ ಮೇಲಿನಿಂದ ಇಳಿಯತೊಡಗಿತ್ತು. ಅನುಸೂಯ ಇಡೀ ವರ್ಷ ಕಾದದ್ದು ಈ ಒಂದು ಹೊತ್ತಿಗಾಗಿ.

"ಕೂಗಿ ಕರೀಬೇಕಮ್ಮ, ಅದ್ಕೂ ಒಂದು ಸ್ಟಾಪ್ ಗೊತ್ತಾಗ್ಬೇಕಲ್ಲ," ಅಂದರು ಹನುಮಂತಯ್ಯ. "ಪರಮೇಶೀ! ಮ್ಯಾಲ್ ಹತ್ತಿ ಕಾಗೆ ಕರಿಯೋ!"

ಪರಮೇಶ ಈ ಕೆಲಸಕ್ಕಾಗಿಯೇ ಹುಟ್ಟಿದವನ ಹಾಗೆ ಮೆಟ್ಟಿಲೇರಿದ. "ಎಡೆ ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಶಾಂತಕ್ಕ ಕೆಳಗಿನಿಂದ ಕೂಗಿದಳು. ಮೇಲಿನಿಂದ "ಕಾ... ಕಾ... ಬರ್ರಪ್ಪಾ ಬರ್ರಿ" ಎಂದು ಕೇಳುತ್ತಿತ್ತು. ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಕೇಳಲಿಲ್ಲ.

ಪರಮೇಶ ಮೆಟ್ಟಿಲಿಳಿದು ಬಂದ. ಯಾರ ಮುಖವನ್ನೂ ನೋಡದೆ, ಗುಂಪಿನ ನಡುವೆಯೇ ಹಾದು, ನೇರವಾಗಿ ಅನುಸೂಯಳ ಮನೆಯೊಳಗೆ ಹೋದ. ಒಳಗೆ ಪಾತ್ರೆಯ ಸದ್ದಾಯಿತು. ಎಲ್ಲರೂ ಬಾಗಿಲಿಗೆ ಮುತ್ತಿ ನೋಡಿದರೆ, ಅವನು ಸ್ಟ್ಯಾಂಡಿನಿಂದ ತಟ್ಟೆ ತೆಗೆದು ನಡುಮನೆಯಲ್ಲಿ ಹಾಕಿಕೊಂಡು, ಗೋಡೆಗೆ ಒರಗಿ ಕೂತಿದ್ದ. ಕಣ್ಣು ಅರ್ಧ ಮುಚ್ಚಿತ್ತು.

"ಅಯ್ಯೋ ನಿನ್ ಮನೆ ಕಾಯಾ! ಮತ್ತೆ ಶುರು ಹಚ್ಚಿದ್ನಲ್ಲ!" ಎಂದು ಶಾಂತಕ್ಕ ಹಣೆ ಬಡಿದುಕೊಂಡಳು.

"ನೋಡ್ರೋ, ಹೋದ್ ಸಲ ಒಂದೇ ತಟ್ಟೆ, ಈ ಸಲ ಎರಡು!" ಎಂದು ಯಾರೋ ಅಂದರು. ಬಾಗಿಲಲ್ಲಿ ನಗೆ ಎದ್ದಿತು.

ನಿಜವಾಗಿಯೂ ಎರಡು ತಟ್ಟೆ ಇದ್ದವು. "ಉಣ್ಣಾಕಿಕ್ಕು," ಅಂದ ಪರಮೇಶ, ಸಣ್ಣ ದನಿಯಲ್ಲಿ. ತನ್ನ ಪಕ್ಕದ ನೆಲ ತಟ್ಟಿ ಅನುಸೂಯಳನ್ನು ನೋಡಿದ. "ಕುಂತ್ಕ."

"ಲೇ ಪೋಲಿ ದೆವ್ವಾ!" ಎಂದು ಯಾರೋ ಸಿಳ್ಳೆ ಹಾಕಿದರು. ಶಾಂತಕ್ಕನ ಮುಖ ಕೆಂಪಗಾಯಿತು. "ಅನ್ಸೂಯಾ, ನೀನೇ ಬಿಡಿಸ್ತೀಯೋ, ನಾನ್ ಬಿಡಿಸ್ಲೋ?"

ಬೇರೆ ದಿನವಾಗಿದ್ದರೆ ಅನುಸೂಯ ಕಂಬಳಿ ಹಾಸುತ್ತಿದ್ದಳು. ಕೇಳುತ್ತಿದ್ದಳು. ಆದರೆ ಮೇಲೆ ಎಡೆ ಒಣಗುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಕನಕರಾಜ್ ಕೂರುತ್ತಿದ್ದ ಜಾಗದಲ್ಲಿ ಇವನು ಲುಂಗಿಯ ಮೇಲೆ ಬೆಲ್ಟ್ ಬಿಗಿದುಕೊಂಡು, ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದ. ಹೆಸರು ಬೇರೆ ಕೇಳಬೇಕೆ? ಊರಿಗೇ ಗೊತ್ತಿರುವ ಹೆಸರು.

ಮೂಲೆಯಲ್ಲಿದ್ದ ಪರಕೆ ತೆಗೆದುಕೊಂಡಳು.

ಮೊದಲ ಏಟು ಭುಜಕ್ಕೆ ಬಿತ್ತು. ಪರಮೇಶ ಏಳಲಿಲ್ಲ. "ಏಳು! ನಡಿ ಆಚೆ! ಇನ್ನೊಂದ್ ಸಲ ಈ ಹೊಸಿಲು ತುಳಿದ್ರೆ ನೋಡು!" ಎಂದು ಅನುಸೂಯ ಬಾರಿಸಿದಳು. ವರ್ಷದಿಂದ ಒಳಗಿದ್ದದ್ದೆಲ್ಲ ಆ ಪರಕೆಗೆ ಬಂದು ಸೇರಿದ ಹಾಗಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಅವಳನ್ನೇ ನೋಡುತ್ತಿದ್ದ, ಕೈಬೆರಳು ಮಾತ್ರ ಮಡಿಲಲ್ಲಿ ಏನೋ ಮಾಡುತ್ತಿದ್ದವು. ಆಮೇಲೆ ತಲೆ ತಗ್ಗಿಸಿದ, ಸರಿ ಬಿಡು ಎಂಬಂತೆ. ಪಕ್ಕಕ್ಕೆ ವಾಲಿ ಬಿದ್ದ.

ಮರುಗಳಿಗೆ, "ಅಯ್ಯಯ್ಯೋ ಸೊಂಟಾ! ಯಾರಪ್ಪಾ ಹೊಡೆದೋರು? ನಾನ್ ಯಾವಾಗ ಕೆಳಗ್ ಬಂದೆ?" ಎಂದು ಬಡಬಡಿಸಿ ಎದ್ದ.

"ಏನ್ ಆಕ್ಟಿಂಗ್ ಗುರೂ!" ಎಂದು ಬಾಗಿಲು ನಕ್ಕಿತು. ಶಾಂತಕ್ಕ ಬೆಲ್ಟ್ ಹಿಡಿದು ಅವನನ್ನು ಎಳೆದುಕೊಂಡು ಹೋದಳು. "ಹೋಲ್ಡಾನ್, ಹೋಲ್ಡಾನ್, ಇಳಿಯೋರು ಇಳೀರಿ" ಎಂದು ಹನುಮಂತಯ್ಯ ಉಳಿದವರನ್ನೂ ಹೊರಗೆ ಹಾಕಿದರು. ಹೋಗುವಾಗ ಕೇಳಿದರು: "ಇನ್ ಬರಲ್ಲ ಅಲ್ವೇನಮ್ಮ?"

"ಬರಲ್ಲ. ನನ್ ಪರಕೇಲಿ ಹೋದದ್ದು ಯಾವ್ದೂ ಬಂದಿಲ್ಲ."

ಮನೆ ಖಾಲಿಯಾಯಿತು. ಅನುಸೂಯ ತಾರಸಿಗೆ ಹೋಗಿ ಎಡೆಯ ಹತ್ತಿರ ಕೂತಳು. ಮುದ್ದೆಯ ಮೇಲೆ ಪೊರೆ ಕಟ್ಟಿತ್ತು. ಸಾರಿಗೆ ಇರುವೆ ಬಂದಿದ್ದವು. ಬಿಸಿಲು ಹೊಸದುರ್ಗದ ರಸ್ತೆಯ ತೆಂಗಿನ ಸಾಲಿನ ಹಿಂದಕ್ಕೆ ಹೋಗುವವರೆಗೂ ಕೂತಿದ್ದಳು. ಕಾಗೆ ಬರಲಿಲ್ಲ.

ಕೆಳಗೆ ಬಂದು ಎರಡು ತಟ್ಟೆಗಳನ್ನು ಎತ್ತಿಡಲು ಬಗ್ಗಿದಳು. ಅವುಗಳ ನಡುವೆ ಏನೋ ಬಿದ್ದಿತ್ತು.

ಅದೇ ಗೋಡೆಯಲ್ಲಿದ್ದ ಕನಕರಾಜನ ಫೋಟೋಕ್ಕೆ ಬೆಳಿಗ್ಗೆ ಹಾಕಿದ ಹಾರದಿಂದ ಜೋತಾಡುತ್ತಿದ್ದ ದಾರದ ತುಂಡು ಅದು. ಯಾರೋ ಬೆರಳಿಗೆ ಸುತ್ತಿ, ಒಂದರ ಪಕ್ಕ ಒಂದು ಎಳೆ ಕೂರಿಸಿ, ಉಗುರಿನಷ್ಟು ಅಗಲದ ಕಾಯಿಲ್ ಮಾಡಿದ್ದರು. ಕೊನೆಯ ಎಳೆಯನ್ನು ಎರಡು ಸಲ ಒಳಕ್ಕೆ ತಿರುಗಿಸಿ, ತುದಿ ಕಾಣದಂತೆ ಅಡಗಿಸಿದ್ದರು. ಹಾಗೆ ಅಡಗಿಸಿದರೆ ಬಿಚ್ಚುವುದಿಲ್ಲ ಎಂದು ಒಬ್ಬನೇ ಹೇಳುತ್ತಿದ್ದದ್ದು.

ಪರಮೇಶನಿಗೆ ಲುಂಗಿ ಕಟ್ಟಲು ಬರುವುದಿಲ್ಲ.

ಅನುಸೂಯ ತಟ್ಟೆಗಳ ಮುಂದೆ ಹಾಗೇ ಕೂತಳು. ಕಾಗೆ ಸಿಗಲಿಲ್ಲವೆಂದು, ಕೈಗೆ ಸಿಕ್ಕ ಪಕ್ಕದ ಮನೆಯವನ ಮೈ ಹಿಡಿದು ಇಳಿದು ಬಂದಿದ್ದ. ಬಂದು ತಟ್ಟೆಯನ್ನು ತಾನೇ ಹಾಕಿದ್ದ, ಇಬ್ಬರಿಗೂ. ರಂಗೇಶನ ಅಜ್ಜಿಯ ಹುಣಸೆಮರದ ಕತೆಯನ್ನು ಕೊನೆಯವರೆಗೂ ಕೇಳಿದವಳು ಇವನ ಹೆಸರನ್ನೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಶಾಂತಕ್ಕನ ಮನೆಯ ಬಾಗಿಲು ಬಡಿದ ಸದ್ದಾಯಿತು. ಅನುಸೂಯ ಒಂದು ಕೈಯಲ್ಲಿ ಸಾರಿನ ಪಾತ್ರೆ, ಮುದ್ದೆ, ಇನ್ನೊಂದು ಕೈಯಲ್ಲಿ ಎರಡು ತಟ್ಟೆ, ಕಂಕುಳಲ್ಲಿ ಕಂಬಳಿ ಹಿಡಿದು ನಿಂತಿದ್ದಳು. ಪರಮೇಶ ಅವಳನ್ನು ಕಂಡವನೇ ಮಂಚದ ಕೆಳಗೆ ಹೊಕ್ಕ.

"ಬ್ಯಾಡ ತಾಯಿ! ಇನ್ ಜನ್ಮದಲ್ಲಿ ಕೋಳಿ ಕಡೆ ನೋಡಲ್ಲ!"

"ಹೊಡಿಯಲ್ಲ ಪರಮೇಶಣ್ಣ. ಬರ್ರಿ, ಕುಂತ್ಕಳ್ರಿ."

ಶಾಂತಕ್ಕ ಒಮ್ಮೆ ಅವಳ ಮುಖ ನೋಡಿದಳು. ಗಂಡನ ಕಾಲು ಹಿಡಿದು ಎಳೆದು ಕಂಬಳಿಯ ಮುಂದೆ ಕೂರಿಸಿದಳು. ಅನುಸೂಯ ಅವನ ಎದುರು ಕೂತಳು. ಮಧ್ಯಾಹ್ನ ಕೇಳಬೇಕಿದ್ದದ್ದನ್ನು ಬಹಳ ಮೆಲ್ಲಗೆ ಕೇಳಿದಳು:

"ಯಾರು ನೀನು?"

"ಪರಮೇಶ ತಾಯಿ!"

"ಸರ್ಯಾಗ್ ನೋಡ್ಕಂಡು ಹೇಳು. ಯಾರು?"

"ಪರಮೇಶಾ! ಕಂಡಕ್ಟರ್ ಹನುಮಂತಯ್ಯನ ಮಗಾ! ಶಾಂತೀ, ಆಧಾರ್ ಕಾರ್ಡ್ ತಾರೇ, ತೋರ್ಸೇ ಇವ್ರಿಗೆ!"

"ಒಳಗೆ ಇನ್ಯಾರೂ ಇಲ್ವಾ?"

"ಇಲ್ಲ ತಾಯಿ," ಎಂದು ಪರಮೇಶ ಎದೆ ಮುಟ್ಟಿಕೊಂಡು ಆಣೆ ಮಾಡಿದ. "ನಾನೊಬ್ನೇ. ಬ್ಯಾರೆ ಯಾರೂ ಇಲ್ಲ."

ಅನುಸೂಯ ಇನ್ನು ಕೇಳಲಿಲ್ಲ. ಎರಡು ತಟ್ಟೆ ಹಾಕಿ ಮುದ್ದೆ ಇಟ್ಟು ಸಾರು ಬಿಟ್ಟಳು. ಒಂದನ್ನು ಅವನ ಮುಂದೆ ತಳ್ಳಿ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡು ಕೂತಳು. ಪರಮೇಶ ಹೆಂಡತಿಯನ್ನು ನೋಡಿದ. ಶಾಂತಕ್ಕ ಸಕ್ಕರೆ ಕಾಯಿಲೆಯ ಮಾತೆತ್ತದೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಇಬ್ಬರೂ ಉಂಡರು. ಮೊದಮೊದಲು ಹೆದರುತ್ತಾ ಉಣ್ಣುತ್ತಿದ್ದ ಪರಮೇಶನಿಗೆ ಎರಡು ತುತ್ತಿನ ಮೇಲೆ ಧೈರ್ಯ ಬಂತು.

"ಸಾರು ತಳ ಹತ್ತೈತೆ ಅಲ್ವಾ ತಾಯಿ?"

"ಹೂಂ," ಅಂದಳು ಅನುಸೂಯ. "ನೋಡ್ಕಳ್ಲಿಲ್ಲ."